ಮೂರನೇ ಮಹಡಿಯ ಬೆಂಚು

ಹೆತ್ತವರಿಗೆ ಒಳಗೆ ಪ್ರವೇಶವಿಲ್ಲ.
ಲಮಾರಾ ಟೀಚರ್ ಬಾಗಿಲು ಹಾಕಿದರೆ ಹಾಕಿದ್ದೇ.
ಹಳೇ ಬಟ್ಟೆ ಗಿರಣಿಯ ಮೂರನೇ ಮಹಡಿ,
ನಮಗೊಂದು ಬೆಂಚು, ಒಂದು ಕಾಲು ಮೋಟು,
ಒಂದು ಕಿಟಕಿ, ಅದರ ತುಂಬ ಕುತಾಯಿಸಿ ಊರು,
ಊರ ನಡುವೆ ಬಿಳಿಗಲ್ಲು ತೋರಿಸಿಕೊಂಡು ರಿಯೋನಿ ನದಿ.

ನಾನು ಮಾಮುಕಾ. ಬಾಡಿಗೆ ವ್ಯಾನು ಓಡಿಸುತ್ತೇನೆ.
ವಾರಕ್ಕೆ ಮೂರು ದಿನ ಐದರ ಟ್ರಿಪ್ಪು ಬಿಟ್ಟು
ಇಲ್ಲಿ ಕೂರುತ್ತೇನೆ. ಇಂಜಿನ್ನಿನ ಸದ್ದಿನಲ್ಲೇ
ಯಾವ ನಟ್ಟು ಸಡಿಲವೆಂದು ಹೇಳುವ ಕಿವಿ ಇದು;
ಬಾಗಿಲಿಗೆ ಆನಿಸಿದರೆ ಸಾಕು.

ಮೊದಲು ಹುಡುಗರು. ಅದು ಗೆಗಾನ ಪಾಳಿ.
ಇನ್ನೂ ಇಪ್ಪತ್ತಾರು ಅವನಿಗೆ; ಆಟವಾಡಿಸುತ್ತಲೇ ಕಲಿಸುತ್ತಾನೆ:
ಕಪ್ಪೆಯಾಗು, ಕುದುರೆಯಾಗು, ಬಿದ್ದವನು ಎದ್ದು ಜೋಕು ಹೇಳು.
ಡೋಲಿನ ಬಡಿತಕ್ಕೆ, ಮೆತ್ತನೆ ಬೂಟಿನೊಳಗೆ ಬೆರಳು ಮಡಚಿ
ಗಿಣ್ಣಿನ ಮೇಲೆ ನಿಲ್ಲುತ್ತಾರೆ ಒಂಬತ್ತು ವರ್ಷದ ಪೋರರು.
ಧಡ್ ಧಡ್ ಧಡಕ್. ಗೋಡೆಯ ಸುಣ್ಣ ಉದುರಿ
ನಮ್ಮ ಕಾಫಿ ಲೋಟಕ್ಕೆ.
ಪಕ್ಕದ ನಾನುಲಿ ಅಜ್ಜಿ ಬ್ಯಾಗಿನಿಂದ
ದ್ರಾಕ್ಷಿ ಸಾರಾಯಿಯ ಸೀಸೆ ತೆಗೆದಿಡುತ್ತಾಳೆ,
ಮೊಮ್ಮಗನ ಹೆಬ್ಬೆರಳಿಗೆ ತಿಕ್ಕಲು.
ಒಂದು ಗುಟುಕು ತನಗೂ.

ಆಮೇಲೆ ಹುಡುಗಿಯರು. ಲಮಾರಾ ಟೀಚರ ಪಾಳಿ.
ಆಟವಿಲ್ಲ, ಜೋಕಿಲ್ಲ, ಕೈಯಲ್ಲೊಂದು ಕೋಲು,
ಹೊಡೆಯಲಿಕ್ಕಲ್ಲ, ನೆಲ ಕುಟ್ಟಲಿಕ್ಕೆ.
ತಲೆಯ ಮೇಲೆ ಬಟ್ಟಲು, ಬಟ್ಟಲಲ್ಲಿ ಒಂದೇ ಅಕ್ರೋಟು.
ನೆಲದ ತುಂಬ ಸೀಮೆಸುಣ್ಣದ ಪುಡಿ:
ಹೆಜ್ಜೆಗುರುತು ಕಂಡರೆ ಮತ್ತೆ ಮೊದಲಿಂದ,
ಎರಡು ಗೆರೆ ಕಾಣಬೇಕು, ಹಿಮದ ಮೇಲೆ ಜಾರುಬಂಡಿ ಹೋದ ಹಾಗೆ.
ಲಂಗದೊಳಗೆ ಕಾಲಿದೆಯೆಂದು ಯಾರಿಗೂ ಗೊತ್ತಾಗಕೂಡದು.

ಶುರುವಿನಲ್ಲಿ ನನ್ನ ತೆಕ್ಲಾಳನ್ನು ಹದಿನಾಲ್ಕು ಜನರ ನಡುವೆ
ಥಟ್ಟನೆ ಹಿಡಿಯುತ್ತಿದ್ದೆ. ಎಡಗಾಲು ತುಸು ಭಾರ,
ನಡೆಯಲು ಕಲಿತಾಗಿನಿಂದ. ಟಪ್, ಟಪಕ್. ಟಪ್, ಟಪಕ್.
ಅಕ್ರೋಟು ಉರುಳಿದ ಸದ್ದು. ಕೋಲಿನ ಸದ್ದು.
"ತೆಕ್ಲಾ! ನಿನ್ನ ಹಿಮ್ಮಡಿ ಪಕ್ಕದ ಬೀದಿಗೆ ಕೇಳಿಸ್ತಿದೆ!"
ಬೆಂಚಿನ ಮೇಲೆ ನಾನು ನಾಚಿ, ಒಳಗೊಳಗೇ ಹಿಗ್ಗಿ:
ಅದೋ, ಆ ತಪ್ಪು ಹೆಜ್ಜೆ, ಅದು ನನ್ನದು.

ಚಳಿಗಾಲ ಕಳೆಯಿತು. ಸದ್ದು ತೆಳ್ಳಗಾಯಿತು.
ಮೊದಲು ಟಪಕ್ ಹೋಯಿತು. ಆಮೇಲೆ ಟಪ್.
ಮಾರ್ಚಿನ ಒಂದು ಸಂಜೆ ಬಾಗಿಲಿಗೆ ಕಿವಿಯಿಟ್ಟು
ಹುಡುಕಿದೆ, ಹುಡುಕಿದೆ,
ಬರೀ ಅಕಾರ್ಡಿಯನ್ನಿನ ಉಸಿರು, ಅದರಡಿ ಏನೂ ಇಲ್ಲ.
ಹದಿನಾಲ್ಕು ಹುಡುಗಿಯರಿದ್ದ ಕೋಣೆಯಲ್ಲಿ
ಯಾರೂ ಇಲ್ಲ.

ಅಷ್ಟರಲ್ಲಿ ಇಟಲಿಯಿಂದ ಇಂಗಾಳ ಫೋನು.
ಬಾರಿ ಪಟ್ಟಣದಲ್ಲಿ ಇನ್ನಾರದೋ ತಾಯಿಗೆ ಸ್ನಾನ ಮಾಡಿಸಿ,
ಉಣಿಸಿ, ಮಧ್ಯಾಹ್ನದ ನಿದ್ದೆಗೆ ಮಲಗಿಸಿ
ಈ ಹೊತ್ತಿಗೆ ಮಾಡುತ್ತಾಳೆ. ನಾಲ್ಕು ವರ್ಷವಾಯಿತು.
ಇದೇ ಕೋಣೆಯಲ್ಲಿ ಕಲಿತವಳು ಅವಳೂ,
ಇದೇ ಕೋಲಿಗೆ ಬೆಚ್ಚಿದವಳು.
"ಹೇಗೆ ಕುಣೀತಾಳೆ?"
"ಏನೂ ಕೇಳಿಸ್ತಿಲ್ಲ ಇಂಗಾ," ದೂರು ಕೊಡುವವನಂತೆ ಅಂದೆ,
"ಬೇಕಾದರೆ ನೀನೇ ಕೇಳು."
ಫೋನನ್ನು ಬಾಗಿಲಿಗೆ ಹಿಡಿದೆ.
ಎಷ್ಟೋ ಹೊತ್ತು ಅವಳೂ ಕೇಳಿದಳು.
ಆ ಕಡೆಯಿಂದ ಮೂಗೆಳೆದ ಸದ್ದು ಮಾತ್ರ.
ಆಮೇಲೆ: "ಏನೂ ಇಲ್ಲ ಅಲ್ವಾ? ಒಂಚೂರೂ ಇಲ್ಲ?
ಹಾಗಾದ್ರೆ ಬಂತು ಬಿಡು. ಬಂತು ಅವಳಿಗೆ."

ಮನೆಯಲ್ಲೀಗ ಬೇರೆಯೇ ಪೇಚಾಟ.
ರಾತ್ರಿ ಒಲೆಯ ಮುಂದೆ ಹುರುಳಿಕಾಳು ಮಸೆಯುತ್ತಿರುತ್ತೇನೆ,
ಬೆನ್ನ ಹಿಂದಿನಿಂದ "ಅಪ್ಪಾ, ಉಪ್ಪು ಹಾಕಿದ್ಯಾ?"
ಎದೆ ಧಸಕ್ಕೆಂದು ಸೌಟು ಕೆಳಗೆ.
ಯಾವಾಗ ಬಂದಳೋ, ಎಷ್ಟು ಹೊತ್ತಾಯಿತೋ ನಿಂತು.
"ಸ್ವಲ್ಪ ಕಾಲುಸದ್ದು ಮಾಡ್ಕೊಂಡು ಬಾರೇ" ಅನ್ನುತ್ತೇನೆ.
ಕಾಲುಚೀಲದ ಸುಣ್ಣ ಇನ್ನೂ ಕೊಡವಿರದ ಹುಡುಗಿ
ನನ್ನನ್ನೇ ನೋಡುತ್ತ, ಬೇಕೆಂದೇ, ಎಡಗಾಲು ಎತ್ತಿ
ಟಪಕ್.
ಕೆಳಗಿನ ಮನೆಯವರು ನೀರಿನ ಕೊಳವೆ ಬಡಿಯುತ್ತಾರೆ.