ಎರಡನೇ ಡ್ರೈವರ್

"ಎರಡನೇ ಡ್ರೈವರ್ ಯಾರಾದರೂ?" ಕೇಳಿದಳು
ಕಾರು ಬಾಡಿಗೆಗೆ ಕೊಡುವ ಹುಡುಗಿ, ಉಗುರಿಗೆಲ್ಲ ನೀಲಿ ಬಣ್ಣ.
ಇವರು ನಕ್ಕರು. ಮೂವತ್ತೊಂದು ವರ್ಷ
ಹುಬ್ಬಳ್ಳಿ-ಕಾರವಾರ ಒಬ್ಬರೇ ಹೊಡೆದವರು.
ನಾನು ಪರ್ಸಿನಿಂದ ತೆಗೆದಿಟ್ಟೆ ನನ್ನ ಲೈಸೆನ್ಸು,
ಅಡಿಕೆ ಚೂರು, ಮಾತ್ರೆ ಪಟ್ಟಿಯ ನಡುವಿನಿಂದ.

"ಯಾವಾಗ ಕಲ್ತಿ?"
"ನೀವು ನೈಟ್ ಹಾಲ್ಟ್ ಇದ್ದಾಗ."
ಕೇಶ್ವಾಪುರದಲ್ಲಿ, ಮೂತಿ ಜಜ್ಜಿದ ಹಳೇ ಮಾರುತಿ,
ಬೆಳಿಗ್ಗೆ ಆರರಿಂದ ಆರೂವರೆ,
ಹಾಲಿನ ಸರದಿ ಉದ್ದ ಇತ್ತು ಅಂತ
ಅತ್ತೆಗೆ ಹೇಳಬಹುದಾದಷ್ಟು ಹೊತ್ತು.

ಥೇಮ್ಸ್ ದಾಟುವವರೆಗೂ ಮಾತಿಲ್ಲ.
ಫೋನಿನೊಳಗಿನ ಹೆಂಗಸು ರೈಟ್ ಅಂದಳು.
ರೈಟ್ ಅಂದರೆ ಇವರ ಕಾಲಿಗೆ ಬಲವಲ್ಲ,
ಕಂಡಕ್ಟರು ಬಾಗಿಲು ಬಡಿದು ಹೇಳುವ 'ಹೊರಡು'.
ಹೊರಟರು ನೆಟ್ಟಗೆ, ಕೆಂಪು ಬಳಿದ ದಾರಿಗೆ,
ಬಸ್ಸಿಗೆ ಮಾತ್ರ ಎಂದು ಬರೆದದ್ದನ್ನು
ಓದಿ, ಓದಿಯೇ.
ಹಿಂದೊಂದು ಎರಡಂತಸ್ತಿನ ಬಸ್ಸು, ಮುಂದೊಂದು,
ನಡುವೆ ನಮ್ಮ ಬೂದು ಕಾರು,
ಎಮ್ಮೆಗಳ ನಡುವೆ ಸಿಕ್ಕ ಆಡಿನ ಮರಿ.
"ನಮ್ಮ ಮಂದಿನ ಇವರು," ಅಂದು ಕೈ ಎತ್ತಿದರು.
ಎದುರಿಂದ ಬಂದ ಬಸ್ಸಿನವನೂ ಎತ್ತಿದ.
ಕಂಬದ ಮೇಲಿನ ಕ್ಯಾಮೆರಾ ಮಾತ್ರ ಗುರುತು ಹಿಡಿಯಲಿಲ್ಲ,
ದಂಡದ ಚೀಟಿ ಆಮೇಲೆ ಬಂತು.

ಊರು ಮುಗಿಯುವುದೇ ಇಲ್ಲ ಅನ್ನಿಸಿ, ಆಮೇಲೆ
ಒಮ್ಮೆಲೇ ಮುಗಿಯಿತು. ಕೆಂಟಿನ ಓಣಿಗಳು,
ಬೇಲಿ ಎರಡೂ ಕನ್ನಡಿಗೆ ಕೆನ್ನೆ ಒರೆಸುವಷ್ಟು ಕಿರಿದು.
ಬಿಳಿ ಟೊಪ್ಪಿಗೆಯ ಇಟ್ಟಿಗೆ ಗೋಪುರಗಳ ಹಿಂದೆ
ಬಿಸಿಲು ಇಳಿಯುತ್ತಾ ಗಾಜಿನೊಳಗೆ ಚೂರಾಯಿತು.
ಪೊರೆ ತೆಗೆಸಿದ ಕಣ್ಣು. ನೀರು ಸುರಿಯುತ್ತಿತ್ತು.
ಆದರೂ ನಿಲ್ಲಿಸು ಅನ್ನಲು ನನಗೆ ಬಾಯಿಲ್ಲ.
ಪೆಟ್ರೋಲ್ ಬಂಕಿನಲ್ಲಿ ತಾವೇ ಇಳಿದು
ಸುತ್ತು ಹಾಕಿ ಬಂದು, ನನ್ನ ಬಾಗಿಲು ತೆಗೆದು ನಿಂತರು.

ಹತ್ತು ಮೈಲಿ ಇವರ ಬಲಗಾಲು
ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.
ನಾನು ನೋಡಿಯೂ ನೋಡದಂತೆ ಗೇರು ಬದಲಿಸಿದೆ.
ಹನ್ನೊಂದನೇ ಮೈಲಿಗೆ ಕಿಟಕಿಗೆ ತಲೆ ಆನಿಸಿ,
ಎಷ್ಟು ಸಾವಿರ ಪ್ಯಾಸೆಂಜರು ಇವರಿಗೆ ಹೇಳಿದ್ದರೋ ಆ ಮಾತು
ಮೊದಲ ಸಲ ತಮ್ಮ ಬಾಯಲ್ಲಿ:
"ಸಮುದ್ರ ಬಂದ್ರ ಎಬ್ಬಿಸು."

ರಾತ್ರಿ ಹತ್ತಕ್ಕೆ ಮುಟ್ಟಿ, ಐದಕ್ಕೆ ಬಿಟ್ಟು
ಕಾರವಾರದ ಸಮುದ್ರವನ್ನು ಕೇಳಿದ್ದೇ ಹೆಚ್ಚು ಇವರು.
ಕಾಲು ತೊಯ್ಸಿಕೊಂಡದ್ದಿಲ್ಲ.

ರೈ ಬಂತು. ಗುಡ್ಡಕ್ಕೆ ಅಂಟಿದ ಊರು, ಹೊಟ್ಟೆ ಮುಂದೆ ಚಾಚಿದ
ಮರದ ಮನೆಗಳು, ಕೋಟೆ ಬಾಗಿಲು.
ಇದರ ಕಾಲಬುಡಕ್ಕೆ ಹಡಗು ಬಂದು ನಿಲ್ಲುತ್ತಿದ್ದವಂತೆ.
ಸಮುದ್ರ ಒಂದು ಶತಮಾನ ಸಿಟ್ಟು ಮಾಡಿ
ಪಕ್ಕದ ಊರು ನುಂಗಿತಂತೆ, ಆಮೇಲೆ
ಹೇಳದೆ ಕೇಳದೆ ಎರಡು ಮೈಲಿ ಹಿಂದೆ ಸರಿಯಿತಂತೆ.
ಈಗ ಅಲ್ಲಿ ಹುಲ್ಲು. ಹುಲ್ಲಿನಲ್ಲಿ ಕುರಿ.
ಲಂಗರು ಬಿದ್ದಿದ್ದ ಜಾಗದಲ್ಲಿ ಮೆಲುಕು.
ಎಬ್ಬಿಸಲೇ? ಬಂದೂ ಬರದ ಸ್ಟಾಪು ಇದು.
ಗೇರು ಇಳಿಸದೆ ಮುಂದಕ್ಕೆ ಬಿಟ್ಟೆ.
ಇಷ್ಟು ದೂರ, ಇಷ್ಟು ಸಮತಟ್ಟು ದಾರಿಯಲ್ಲಿ
ಮಲಗಿದ ಗಂಡನನ್ನು ಹೊತ್ತು ಹೋಗುವುದು
ನನಗೇನೋ ಬಹಳ ಹಿಡಿಸಿತ್ತು.
ಒಂದು ಸಲ ಹೆಸರು ಹಿಡಿದೂ ಕರೆದೆ, ಮೆಲ್ಲಗೆ, ಸುಮ್ಮನೆ:
ಯಮನೂರಪ್ಪ.
ಏಳಲಿಲ್ಲ.

ಕ್ಯಾಂಬರಿನ ಮರಳ ದಿಬ್ಬದ ಹಿಂದೆ ನಿಲ್ಲಿಸಿ ಎಂಜಿನ್ ಆರಿಸಿದೆ.
ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ ಎಚ್ಚರಾಗುವ ಜಾತಿ.
ಕಣ್ಣು ಬಿಟ್ಟು ಕೈಗೆ ಸ್ಟೇರಿಂಗು ಹುಡುಕಿದರು.
"ಯಾರ್ರೀ ಸಮುದ್ರ," ಕೂಗಿದೆ, "ಇಳೀರಿ, ಲಗೂನ ಇಳೀರಿ."

ದಿಬ್ಬ ಹತ್ತಿ ನೋಡಿದರೆ ಇಳಿತದ ಹೊತ್ತು,
ನೀರು ಎಲ್ಲೋ ಒಂದು ಗೆರೆ.
"ಇನ್ನೂ ದೂರ ಐತಲ್ಲ," ಅಂದರು,
ಬೂಟಿನ ದಾರ ಬಿಚ್ಚುತ್ತಾ.