ಸಾಕ್ಷ್ಯ ಸಂಖ್ಯೆ ಮೂರು

ಟೌನ್‌ಶಿಪ್ ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ.
ತಿಂಗಳ ಎರಡನೇ ಮಂಗಳವಾರ, ಅಗ್ನಿಶಾಮಕ ಠಾಣೆಯ ಹಿಂದಿನ ಸಭಾಂಗಣ,
ಮಡಚುವ ಕುರ್ಚಿಗಳು, ಸೀದ ಕಾಫಿ,
ಗೋಡೆಯಲ್ಲಿ ಪೆನ್ಸಿಲ್ವೇನಿಯಾದ ನಕ್ಷೆ,
ಅದರ ಅಂಚಿಗೆ ತೇವ ಎಳೆದ ಕಂದು ಗೆರೆ.

ಇವತ್ತಿನ ವಿಷಯ: ಹೋಸ್ಟೆಟ್ಲರ್ ಮನೆಯವರ ಸೋಯಾ ಹೊಲ,
ಹನ್ನೊಂದೂವರೆ ಎಕರೆ, ಬರಲಿರುವ ಮೂವತ್ತೆಂಟು ಮನೆ.
ಕಂಪನಿಯ ಇಂಜಿನಿಯರ್ ಪೆಟ್ರೂಚೆಲಿ, ಎಳೆಯ ಮುಖ, ಒಳ್ಳೆಯವನೇ,
ಪರದೆಯ ಮೇಲೆ ನೀಲಿ ಬಾಣ ಬಿಡುತ್ತಾನೆ:
ಸೂರಿನಿಂದ ತಗಡಿನ ದೋಣಿಗೆ, ದೋಣಿಯಿಂದ ಚರಂಡಿಗೆ,
ಚರಂಡಿಯಿಂದ ಕೊಳಕ್ಕೆ, ಕೊಳದ ಕೋಡಿಯಿಂದ
ಮೆಲ್ಲಗೆ, ಹೇಳಿದ್ದು ಕೇಳುವ ಮಗುವಿನ ಹಾಗೆ, ಹಳ್ಳಕ್ಕೆ.
"ಹತ್ತು ವರ್ಷದ ಮಳೆಗೆ ಸಾಕು, ಇಪ್ಪತ್ತೈದರದಕ್ಕೂ ಸಾಕು.
ನೂರು ವರ್ಷದ ಮಳೆಗೆ..." ಎಂದು ಕೆಮ್ಮುತ್ತಾನೆ.
ನಡಾವಳಿಯಲ್ಲಿ ಕೆಮ್ಮಿಗೆ ಜಾಗವಿಲ್ಲ.

ನಮ್ಮ ನಿಯಮಾವಳಿಯಲ್ಲಿ ನನಗೆ ಇಷ್ಟವಾದ ಸಾಲೊಂದಿದೆ,
ಕಲಂ ನಾನೂರ ಹನ್ನೆರಡು, ಉಪಕಲಂ ಸಿ.
ಹದಿನಾರು ಸಲವಾದರೂ ಟೈಪ್ ಮಾಡಿದ್ದೇನೆ:
*ಕಟ್ಟಿದ ಮೇಲೆ ನಿವೇಶನದಿಂದ ಹರಿದುಹೋಗುವ ನೀರು
ಕಟ್ಟುವ ಮುನ್ನ ಹರಿಯುತ್ತಿದ್ದುದಕ್ಕಿಂತ ಹೆಚ್ಚಾಗತಕ್ಕದ್ದಲ್ಲ.*
ಅಂದರೆ, ಮನೆ ಎದ್ದದ್ದು ಮಳೆಗೆ ಗೊತ್ತಾಗಬಾರದು.
ಸೂರು, ಟಾರು, ಕಾರು ನಿಲ್ಲುವ ಕಾಂಕ್ರೀಟು
ಇಷ್ಟೆಲ್ಲ ಇದ್ದೂ ಹಳ್ಳದ ಮಟ್ಟಿಗೆ
ಅಲ್ಲಿನ್ನೂ ಸೋಯಾ ತೂಗುತ್ತಿರಬೇಕು.
ಇಂಥದೊಂದು ಸುಳ್ಳನ್ನು ನಿಜ ಮಾಡಿ ತೋರಿಸಿ ಎಂದು
ಕಾನೂನು ಕೇಳುವುದು ಅಪರೂಪ.

ಸಾರ್ವಜನಿಕರ ಸರದಿ. ತಲೆಗೆ ಮೂರು ನಿಮಿಷ.
ಟ್ಯಾನರಿ ಲೇನಿನ ಆರ್ಫಾ ಕ್ಲಿಂಗೆನ್‌ಸ್ಮಿತ್,
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಕಂಕುಳಲ್ಲೊಂದು ಹಲಗೆ ಇರುಕಿಕೊಂಡು ಬಂದಳು.
ನೆಲಮಾಳಿಗೆಯ ಬಾಗಿಲ ಚೌಕಟ್ಟಿನದು, ಮೊಳೆ ಇನ್ನೂ ಕಚ್ಚಿಕೊಂಡಿತ್ತು.
ಮೈಕಿಗೆ ಬಗ್ಗಲಿಲ್ಲ.
"ಎಡಗಡೆಯ ಗೀಟು ನನ್ನ ಮಕ್ಕಳದು. ಬಲಗಡೆಯದು ನೀರಿನದು.
ಮೊದಲ ಸಲ ಟ್ವೈಲಾಳಷ್ಟಿತ್ತು,
ಗೋಡೆ ಹಿಡಿದು ನಡೆಯಲು ಕಲಿತಾಗಿನ ಟ್ವೈಲಾ.
ಮೇಲುಗಡೆ ಅಂಗಡಿ ಸಾಲು ಬಂತು ನೋಡಿ,
ಮರುವರ್ಷವೇ ಒಂದನೇ ಕ್ಲಾಸಿನ ಡ್ವೇನನನ್ನು ದಾಟಿತು.
ಮಕ್ಕಳು ಬೆಳೆಯುವುದು ನಿಲ್ಲಿಸಿ ಎಷ್ಟೋ ಕಾಲವಾಯಿತು. ಇದು ನಿಲ್ಲಿಸಿಲ್ಲ.
ನೂರು ವರ್ಷದ ಮಳೆ ಅಂತೀರಿ. ಆರು ವರ್ಷದಲ್ಲಿ ಮೂರು ಸಲ ಬಂತು.
ಹಾಗಾದರೆ ನನಗೀಗ ಮುನ್ನೂರು ತುಂಬಿತೇ?"

ಯಾರೋ ನಕ್ಕರು. ಆಮೇಲೆ ನಗಲಿಲ್ಲ.
"ಸಾಕ್ಷ್ಯ ಸಂಖ್ಯೆ ಮೂರು ಎಂದು ಗುರುತಿಸಿ," ಎಂದರು ಅಧ್ಯಕ್ಷರು.
ಚೀಟಿ ಅಂಟಿಸುವಾಗ ಮುಟ್ಟಿದೆ:
ಒಣಗಿತ್ತು, ಆದರೂ ಬಾವಿಯ ವಾಸನೆ.

ಮೂರಕ್ಕೆ ಎರಡು ಮತ. ಒಪ್ಪಿಗೆ, ಷರತ್ತಿನ ಮೇಲೆ:
ಕೊಳ ಇನ್ನೂ ಒಂದೂವರೆ ಅಡಿ ಆಳ, ದಾರಿಯ ಬದಿಗೆ ಇಂಗುಗುಂಡಿ,
ನೀರು ಕುಡಿಯುವ ಇಟ್ಟಿಗೆ ಹಾಸು, ನಾಲ್ಕು ಮನೆ ಕಡಿಮೆ.
ಪೆಟ್ರೂಚೆಲಿ ಫೋನಿನಲ್ಲಿ ಲೆಕ್ಕ ಹಾಕುತ್ತ ಹೊರಟ.
"ನನ್ನ ಹಲಗೆ ಯಾವಾಗ ವಾಪಸ್ಸು?" ಆರ್ಫಾ ಕೇಳಿದಳು.
ಮೇಲ್ಮನವಿಯ ಅವಧಿ ಮೂವತ್ತು ದಿನ, ಎಂದೆ.
"ಅಷ್ಟರಲ್ಲಿ ಮಳೆ ಬಂದರೆ ಗೀಟು ಎಲ್ಲಿ ಹಾಕಲಿ?"

ದೀಪ ಆರಿಸಿ ಹೊರಬಂದಾಗ ಹನಿ ಶುರುವಾಗಿತ್ತು.
ನಮ್ಮದೇ ಸಭಾಂಗಣದ ಮುಂದಿನ ಪಾರ್ಕಿಂಗ್,
ಎಪ್ಪತ್ತನಾಲ್ಕರ ಟಾರು, ಅರವತ್ತು ಕಾರಿನ ಅಗಲ,
ಕಲಂ ನಾನೂರ ಹನ್ನೆರಡಕ್ಕಿಂತ ಹಿರಿಯದು.
ಹಿರಿಯದಕ್ಕೆ ವಿನಾಯಿತಿ.
ಕಡತ ನನ್ನ ಬೀರುವಿನಲ್ಲೇ ಇದೆ, ಯಾರೂ ಕೇಳಿಲ್ಲ.
ನೀರು ಒಂದು ಗಳಿಗೆ ಯೋಚಿಸುವಂತೆ ನಿಂತು,
ಎಡಕ್ಕೆ ತಿರುಗಿ, ಟ್ಯಾನರಿ ಲೇನಿನ ಕಡೆಗೆ
ದಿನವೂ ಹೋಗಿ ಬಂದು ರೂಢಿಯಿದ್ದವರ ಹಾಗೆ ಇಳಿಯಿತು.

ಮುಂದಿನ ತಿಂಗಳ ಕಾರ್ಯಸೂಚಿಯಲ್ಲಿ
ಕೊನೆಗೆ ಒಂದು ಸಾಲು ಖಾಲಿಯಿದೆ.
ಬೀಗ ಮತ್ತೆ ತೆಗೆದೆ.
ಕೊಡೆ ಮರೆತಿದ್ದಳೆಂದು ನೋಡಿದವರು ಅಂದುಕೊಳ್ಳಲಿ.