ಹೊರಗಿನದು

ದೇವಸೂಗೂರು ಕ್ರಾಸಿನ ಶೆಡ್ಡಿನಲ್ಲಿ
ಬಾನೆಟ್ಟು ಎತ್ತಿ ಚಾಂದಪಾಶಾ
ನನ್ನ ಅಂಬಾಸಡರಿನ ಎದೆಗೆ ಕಿವಿಯಿಟ್ಟ:
"ಇದರದ್ದು ಮುಗೀತು ಅಕ್ಕಾ.
ಕಂಪನಿದು ಈಗ ಎಲ್ಲಿ ಸಿಗಬೇಕು?
ಟ್ರ್ಯಾಕ್ಸಿಂದು ಆಲ್ಟರ್ನೇಟರ್ ಅದ, ಅರವತ್ತೈದು ಆಂಪಿಯರು.
ಹಚ್ಚಲಾ?"

ಹಚ್ಚು ಅಂದೆ.

ಕಾಲಿಂಚು ಕೂಡಲಿಲ್ಲ.
ತೂತನ್ನು ಅರದಿಂದ ಉಜ್ಜಿ ಉಜ್ಜಿ ಉದ್ದ ಮಾಡಿದ,
ಎರಡು ವಾಷರು ಸಾಲದೆ
ಯಾವುದೋ ಸೈಕಲ್ಲಿನ ತುಂಡು ನಡುವೆ ಕೂತಿತು.
ಬೆಲ್ಟು ಒಂದು ನಂಬರು ದೊಡ್ಡದು.
ದಪ್ಪ ವೈರು ಬೇಕೆಂದು ಹುಡುಗನನ್ನು ಓಡಿಸಿದ;
ಅವನು ವಾಪಸು ಬರುವಷ್ಟರಲ್ಲಿ
ಥರ್ಮಲ್ಲಿನ ಚಿಮಣಿಗಳ ತುದಿಗೆ ದೀಪ ಹತ್ತಿತ್ತು.

ಸೆಲ್ಫ್ ಹೊಡೆದೆ. ಮೀಟರಿನ ಮುಳ್ಳು
ಹದಿನಾಲ್ಕು ದಾಟಿ ನಿಂತಿತು.
ಇಷ್ಟು ವರ್ಷ ಕಂದೀಲಿನ ಹಾಗಿದ್ದ ಹೆಡ್‌ಲೈಟು
ಎದುರು ಗೋಡೆಗೆ ಬಿಳುಪು ಚೆಲ್ಲಿ
ಹಾರುಬೂದಿಯ ಒಂದೊಂದು ಕಣ ಎಣಿಸಿತು.

ಡ್ಯಾಶಿನ ಕೆಂಪು ದೀಪ ಮಾತ್ರ ಪೂರ್ತಿ ಆರಲಿಲ್ಲ,
ಊದಿ ಆರಿಸಿದ ಕಡ್ಡಿಯ ತುದಿಯಷ್ಟು.
"ಅದು ಹಂಗೇ ಇರ್ತದ," ಚಾಂದಪಾಶಾ ಕೈ ಒರೆಸಿದ,
"ಹೊಸಬರು ಬಂದರ
ಮನ್ಯಾಗಿನ ಮುದುಕಿಗಿ ನಿದ್ದಿ ಬರಂಗಿಲ್ಲ."

ಕೃಷ್ಣೆಯ ಸೇತುವೆ ದಾಟುವಾಗ
ನೋಡಿದೆ:
ಇನ್ನೂ ಎಚ್ಚರವಿತ್ತು.